5-3-62 ಅಂದರೆ ಯಾವ ದಿನ? ಫಾರ್ಮ್‌ನಲ್ಲಿ ದಿನಾಂಕ ಪಡೆಯುವ ಬಗ್ಗೆ ನನ್ನ ಅನುಭವ

ಸಹಕಾರ ಸಂಘವೊಂದರ ಸದಸ್ಯತ್ವದ ಅರ್ಜಿಯನ್ನು ವೆಬ್‌ಗೆ ತರುವ ಕೆಲಸ ನನಗೆ ಬಂದಿತ್ತು. ಬರೆದದ್ದು ಜಾಂಗೋದಲ್ಲಿ, ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಚೌಕಟ್ಟಿನಲ್ಲಿ. ಹೆಸರು, ವಿಳಾಸ, ಮೊಬೈಲ್ ನಂಬರ್ ಸಲೀಸಾಗಿ ಮುಗಿದವು. ಜಾಸ್ತಿ ಹೊತ್ತು ಹಿಡಿದದ್ದು ಹುಟ್ಟಿದ ದಿನಾಂಕದ ಆ ಒಂದು ಖಾನೆ.

ಹಳೆಯ ರಿಜಿಸ್ಟರ್ ನೋಡಿ ಟೈಪ್ ಮಾಡುವವರ ಪಕ್ಕ ಕೂತು ಗಮನಿಸಿದೆ. ಒಬ್ಬರು 5/3/1962 ಎಂದು ಹೊಡೆಯುತ್ತಾರೆ, ಇನ್ನೊಬ್ಬರು 05-03-1962, ಮತ್ತೊಬ್ಬರು 5.3.62. ಫೋನಿನ ಕನ್ನಡ ಕೀಬೋರ್ಡ್‌ನಿಂದ ೫-೩-೧೯೬೨ ಕೂಡ ಬರುತ್ತದೆ. ಓದುವವರಿಗೆ ಎಲ್ಲವೂ ಅರ್ಥವಾಗುತ್ತವೆ. ಹಾಗಿರುವಾಗ ಕೆಂಪು ಅಕ್ಷರದಲ್ಲಿ 'ತಪ್ಪು ದಿನಾಂಕ' ಎನ್ನುವುದು ನ್ಯಾಯವಲ್ಲ, ಅಲ್ವಾ?

ಬ್ರೌಸರ್‌ನದೇ ಡೇಟ್ ಪಿಕರ್ (ಕ್ಯಾಲೆಂಡರ್‌ನಿಂದ ದಿನ ಆರಿಸುವ ಖಾನೆ) ಇದೆ. ಆದರೆ ಅದರಲ್ಲಿ ಕಾಣುವ ಕ್ರಮ ಬ್ರೌಸರ್‌ನ ಭಾಷೆಯ ಪ್ರಕಾರ ಇರುತ್ತದೆ. ಕ್ರೋಮ್ ಅಮೆರಿಕನ್ ಇಂಗ್ಲಿಷ್‌ನಲ್ಲಿದ್ದರೆ ತಿಂಗಳು ಮೊದಲು. ಪುಟ ಬರೆದವರಿಗೆ ಅದನ್ನು ಬದಲಿಸಲು ಬರುವುದಿಲ್ಲ. ಒಳಗಿನ ರೂಪ ಮಾತ್ರ ಯಾವಾಗಲೂ 1962-03-05. ತಿದ್ದುವ ಪುಟದಲ್ಲಿ ಅದಕ್ಕೆ 05/03/1962 ಎಂದು ಕೊಟ್ಟರೆ ಖಾನೆ ಸುಮ್ನೆ ಖಾಲಿ ಕಾಣುತ್ತದೆ. ಮುಂದಿನ ಸಭೆಯ ದಿನ ಆರಿಸಲು ಪಿಕರ್ ಚೆನ್ನಾಗಿದೆ. ಹುಟ್ಟಿದ ದಿನಕ್ಕೆ ನಾನು ಸಾದಾ ಟೆಕ್ಸ್ಟ್ ಬಾಕ್ಸ್ ಇಟ್ಟೆ.

ಜಾಂಗೋವನ್ನು ಹಾಗೇ ಬಿಟ್ಟರೆ ಅದೂ ತಿಂಗಳನ್ನೇ ಮೊದಲು ಓದುತ್ತದೆ. 25/12/1962 ಕೊಟ್ಟರೆ ತಿರಸ್ಕರಿಸುತ್ತದೆ. ಅದಾದರೂ ಕಣ್ಣಿಗೆ ಬೀಳುತ್ತದೆ. 05/03/1962 ಕೊಟ್ಟರೆ ಸದ್ದಿಲ್ಲದೆ ಮೇ 3 ಎಂದು ಉಳಿಸುತ್ತದೆ. ಇದು ನಿಜವಾದ ಅಪಾಯ. ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ ಬರೆದಿಟ್ಟರೂ ಆಯ್ದ ಭಾಷೆಯ ಫಾರ್ಮ್ಯಾಟ್ ಅದನ್ನು ಪಕ್ಕಕ್ಕೆ ತಳ್ಳಬಹುದು. ಹಾಗಾಗಿ ಫಾರ್ಮ್‌ನ ಆ ಖಾನೆಗೇ ಒಪ್ಪುವ ಫಾರ್ಮ್ಯಾಟ್‌ಗಳ ಪಟ್ಟಿ ಕೊಟ್ಟೆ: ದಿನ, ತಿಂಗಳು, ವರ್ಷ, ನಡುವೆ ಓರೆಗೆರೆ, ಅಡ್ಡಗೆರೆ, ಚುಕ್ಕಿ ಯಾವುದಾದರೂ ಸರಿ. ಕನ್ನಡ ಅಂಕಿಗಳನ್ನು ಮೊದಲೇ 0ರಿಂದ 9ಕ್ಕೆ ಬದಲಿಸುತ್ತೇನೆ. ಪೈಥಾನ್‌ನ ಇಂಟ್ (ಅಕ್ಷರಗಳನ್ನು ಸಂಖ್ಯೆಯಾಗಿಸುವ ಫಂಕ್ಷನ್) ಕನ್ನಡ ಅಂಕಿಯನ್ನು ಓದಬಲ್ಲದು, ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ಗೆ ಆಗುವುದಿಲ್ಲ.

ಎರಡಂಕಿಯ ವರ್ಷಕ್ಕೆ ಮಾತ್ರ ಒಪ್ಪಲಿಲ್ಲ. ಪೈಥಾನ್ 69ರಿಂದ 99ರವರೆಗೆ 1900ಕ್ಕೆ ಸೇರಿಸುತ್ತದೆ, 00ಯಿಂದ 68ರವರೆಗೆ 2000ಕ್ಕೆ. ಅಂದರೆ 5.3.62 ಎಂದು ಬರೆದ ಹಿರಿಯರು 2062ರಲ್ಲಿ ಹುಟ್ಟಬೇಕಾಗುತ್ತದೆ. 'ವರ್ಷವನ್ನು ಪೂರ್ತಿ ಬರೆಯಿರಿ, ಉದಾಹರಣೆಗೆ 1962' ಎಂದು ಕೇಳುವುದೇ ವಾಸಿ.

ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಖಾನೆಯ ಕೆಳಗಿನ ಒಂದು ಸಾಲು. ಟೈಪ್ ಮಾಡಿದ ಕೂಡಲೇ ಅಲ್ಲಿ 'ಸೋಮವಾರ, ಮಾರ್ಚ್ 5, 1962' ಎಂದು ಬರುತ್ತದೆ. ತಿಂಗಳ ಹೆಸರು ಕಂಡರೆ ಗೊಂದಲಕ್ಕೆ ಜಾಗವಿಲ್ಲ. ಕನ್ನಡದ ಹೆಸರುಗಳು ಬ್ರೌಸರ್‌ನಲ್ಲೇ ಇವೆ, ಬೇರೆ ಲೈಬ್ರರಿ ಬೇಡ. ಆದರೆ ಜಾವಾಸ್ಕ್ರಿಪ್ಟ್‌ಗೆ 1962ರ ಫೆಬ್ರವರಿ 31 ಕೊಟ್ಟರೆ ತಕರಾರಿಲ್ಲದೆ ಮಾರ್ಚ್ 3 ಮಾಡಿಬಿಡುತ್ತದೆ. ಆದ್ದರಿಂದ ಕೊಟ್ಟ ದಿನ, ತಿಂಗಳು ಹಾಗೇ ವಾಪಸ್ ಬಂದವೇ ಎಂದು ಹೋಲಿಸಿ ನೋಡುತ್ತೇನೆ.

ಸರ್ವರ್‌ಗೆ ಕಳಿಸುವಾಗ ಇನ್ನೊಂದು ಎಚ್ಚರ ಬೇಕು. ನಮ್ಮ ಸಮಯ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಜಾವಾಸ್ಕ್ರಿಪ್ಟ್‌ನ ಡೇಟ್ ಆಬ್ಜೆಕ್ಟ್ ದಿನದ ಜೊತೆ ಸಮಯವನ್ನೂ ಇಟ್ಟುಕೊಳ್ಳುತ್ತದೆ. ಮಾರ್ಚ್ 5 ಶುರುವಾಗುವ ನಡುರಾತ್ರಿಯ ಡೇಟ್ ಆಬ್ಜೆಕ್ಟನ್ನು ಐಎಸ್ಒ ರೂಪಕ್ಕೆ (ವರ್ಷ ಮೊದಲಿರುವ, ಯುಟಿಸಿಯಲ್ಲಿ ಬರೆಯುವ ರೂಪ) ತಿರುಗಿಸಿದರೆ ಅದು ಮಾರ್ಚ್ 4ರ 18:30 ಆಗುತ್ತದೆ. ದಿನಾಂಕದ ಭಾಗ ಮಾತ್ರ ಕತ್ತರಿಸಿಕೊಂಡರೆ ಒಂದು ದಿನ ಹಿಂದೆ. ಹುಟ್ಟಿದ ದಿನಕ್ಕೆ ಗಂಟೆಯೂ ಇಲ್ಲ, ಟೈಮ್ ಝೋನೂ ಇಲ್ಲ. ಅದನ್ನು ಅಕ್ಷರಗಳಾಗಿಯೇ ಕಳಿಸಿ, ಡೇಟಾಬೇಸ್‌ನಲ್ಲಿ ಬರೀ ದಿನಾಂಕದ ಕಾಲಂನಲ್ಲಿ ಇಡುತ್ತೇನೆ.

ಇನ್ನು ಹುಟ್ಟಿದ ದಿನವೇ ಗೊತ್ತಿಲ್ಲದವರು. ಕೆಲವರ ಆಧಾರ್ ಕಾರ್ಡಿನಲ್ಲಿ ವರ್ಷ ಮಾತ್ರ ಇರುತ್ತದೆ. ಅಲ್ಲಿ ಜನವರಿ 1 ಎಂದು ತುಂಬಲು ನನಗೆ ಮನಸ್ಸಾಗಲಿಲ್ಲ. ಠೇವಣಿಗೆ ಹಿರಿಯ ನಾಗರಿಕರ ಹೆಚ್ಚಿನ ಬಡ್ಡಿ 60 ತುಂಬಿದ ದಿನದಿಂದ ಲೆಕ್ಕವಾದರೆ, ಊಹಿಸಿ ಹಾಕಿದ ದಿನ ಹಣದ ವಿಷಯವಾಗುತ್ತದೆ. 'ವರ್ಷ ಮಾತ್ರ ಗೊತ್ತು' ಎಂಬ ಆಯ್ಕೆ ಇಟ್ಟು, ವರ್ಷಕ್ಕೆ ಬೇರೆ ಕಾಲಂ ಮಾಡಿದೆ. ಅಂಥವರ ದಿನಾಂಕದ ಕಾಲಂ ಖಾಲಿ ಇರುತ್ತದೆ. ವಯಸ್ಸಿನ ಲೆಕ್ಕ ಬರುವ ಕಡೆ, ದಾಖಲೆ ನೋಡಿ ತೀರ್ಮಾನಿಸಿ ಎಂದು ಸಿಬ್ಬಂದಿಗೆ ಸೂಚನೆ ಕಾಣುತ್ತದೆ.