ಫಾರ್ಸಿ ಮಾತಾಡುವವರಿಗೆ ಇಂಗ್ಲಿಷಿನ ಬಣ್ಣದ ಪದಜೋಡಿಗಳು: ನನ್ನ ಅನುಭವ

ಬ್ಲ್ಯಾಕ್ ಮಾರ್ಕೆಟ್, ಬ್ಲ್ಯಾಕ್ ಐ (ಗುದ್ದು ಬಿದ್ದು ಕಂದಿದ ಕಣ್ಣು), ಬ್ಲ್ಯಾಕ್ ಶೀಪ್ (ಮನೆತನಕ್ಕೆ ಕೆಟ್ಟ ಹೆಸರು ತರುವವ) ಇವನ್ನು ಒಂದೇ ಪಾಠದಲ್ಲಿ ಕೊಡಬೇಡಿ. ವಾರ ಕಳೆಯುವುದರೊಳಗೆ ಮೂರೂ ಕಲಸಿಹೋಗುತ್ತವೆ. ಮೈಸೂರಿಗೆ ಓದಲು ಬರುವ ಇರಾನಿಗಳಿಗೆ ಕಲಿಸುವ ಮೇಷ್ಟ್ರುಗಳಲ್ಲಿ ಬಹಳ ಮಂದಿ ನನ್ನ ಈ ಮಾತನ್ನು ನಂಬಲಿಲ್ಲ. ಈಗ ಈ ಪದಜೋಡಿ ಕಲಿಸಲು ನಾನು ಮಾಡಿದ ಕಾರ್ಡುಗಳನ್ನೇ ಕೇಳಿ ಪಡೆಯುತ್ತಾರೆ.

ನಾನು ಬಣ್ಣ ನೋಡಿ ವಿಂಗಡಿಸುವುದಿಲ್ಲ, ಫಾರ್ಸಿ ನೋಡಿ ವಿಂಗಡಿಸುತ್ತೇನೆ. 'ಬಾಜಾರೆ ಸಿಯಾಹ್' ಅಂದರೆ ಬ್ಲ್ಯಾಕ್ ಮಾರ್ಕೆಟ್ಟೇ, ನಮ್ಮ ಕಾಳಸಂತೆಯ ಹಾಗೆ. 'ಸಿಯಾಹ್ ಓ ಕಬೂದ್' ಅಂದರೆ ಬ್ಲ್ಯಾಕ್ ಅಂಡ್ ಬ್ಲೂ, ಪೆಟ್ಟು ತಿಂದು ಕಂದಿದ ಮೈ. ಇಂಥವು ಹತ್ತು ನಿಮಿಷದ ಕೆಲಸ.

ತೊಡಕು ಇರುವುದು ಅರ್ಧ ಹೊಂದುವ ಜೋಡಿಗಳಲ್ಲಿ. 'ಚೆಶ್ಮೆ ಸಿಯಾಹ್' ಕಪ್ಪು ಕಣ್ಣಿನ ಹೊಗಳಿಕೆ. ಗುದ್ದು ತಿಂದು ಊದಿದ ಕಣ್ಣಿಗೆ ಅವರು ಹೇಳುವುದು 'ಬಾದೆಂಜಾನ್', ಅಂದರೆ ಬದನೆಕಾಯಿ. ಹಾಗಾಗಿ ಗೆಳತಿಯನ್ನು ಹೊಗಳಲು ಬ್ಲ್ಯಾಕ್ ಐಸ್ ಅಂದುಬಿಡುತ್ತಾರೆ. ಡಾರ್ಕ್ ಐಸ್ ರೂಢಿ ಮಾಡಿಸಿ. ಸ್ಟ್ರಾಂಗ್ ಟೀ ಅವರಲ್ಲಿ 'ಪೊರ್‌ರಂಗ್', ಅಂದರೆ ಬಣ್ಣ ತುಂಬಿದ ಚಹಾ. ಹುರಿಯುವುದಕ್ಕೆ 'ಸೊರ್ಖ್ ಕರ್ದನ್', ಅಂದರೆ ಕೆಂಪು ಮಾಡು. ಅಡುಗೆ ವಿಧಾನ ಬರೆಸಿ ನೋಡಿದೆ: ಫ್ರೈ, ಗೋಲ್ಡನ್ ಬ್ರೌನ್ ಎರಡೂ ಬೇಗ ಕೂತವು. 'ರೂಸಿಯಾಹ್' (ಪದಶಃ ಕಪ್ಪು ಮುಖದವ, ಅರ್ಥ ಮಾನಗೆಟ್ಟವ) ಪದವನ್ನು ಪದಶಃ ಇಂಗ್ಲಿಷಿಗೆ ತಂದರೆ ಮೈಬಣ್ಣದ ನಿಂದನೆಯಾಗುತ್ತದೆ, ಮೊದಲೇ ಎಚ್ಚರಿಸಿ.

ಹೆಚ್ಚು ಸಮಯ ಬೇಡುವುದು ಫಾರ್ಸಿಯಲ್ಲಿ ಬಣ್ಣವೇ ಇಲ್ಲದವು. ವೈಟ್ ಲೈ (ಕೇಡಿಲ್ಲದ ಸಣ್ಣ ಸುಳ್ಳು) ಅವರಿಗೆ 'ದೊರೂಗೆ ಮಸ್ಲಹತಿ', ರೆಡ್ ಟೇಪ್ (ಕಚೇರಿಯ ಕಾಗದಪತ್ರದ ತೊಡಕು) 'ಕಾಗಜ್‌ಬಾಜಿ'. ಕಾರ್ಡಿನ ಒಂದು ಕಡೆ ಫಾರ್ಸಿಯ ಇಡೀ ವಾಕ್ಯ, ಇನ್ನೊಂದು ಕಡೆ ಇಂಗ್ಲಿಷ್ ವಾಕ್ಯ. ಇಂಗ್ಲಿಷ್ ವಾಕ್ಯದಲ್ಲಿ ಬಣ್ಣದ ಪದ, ನಾಮಪದ ಎರಡನ್ನೂ ಅಳಿಸಿ, ನಾಮಪದದ ಮೊದಲಕ್ಷರ ಮಾತ್ರ ಉಳಿಸಿ. ಬಣ್ಣವೊಂದನ್ನೇ ಅಳಿಸಿದರೆ ಐದಾರು ಬಣ್ಣ ಊಹಿಸಿ ಪಾರಾಗುತ್ತಾರೆ. ಒಂದು ತರಗತಿಗೆ ಆರು ಜೋಡಿ ಸಾಕು, ಯಾವ ಬಣ್ಣವೂ ಎರಡು ಸಲ ಬರಕೂಡದು. ಮರುದಿನ, ನಾಲ್ಕನೆಯ ದಿನ, ಹತ್ತನೆಯ ದಿನ ಮತ್ತೆ ಕೇಳಿ.

ಬಣ್ಣದ ಶಾಯಿಯ ಕಾರ್ಡು ದಂಡ. ಕೆಂಪಕ್ಷರ ಕಂಡೊಡನೆ ರೆಡ್ ಅನ್ನುತ್ತಾರೆ, ನೆನಪಿಗೆ ಕೆಲಸವೇ ಇರುವುದಿಲ್ಲ. ವೈಟ್ ಲೈ ಅನ್ನು ಬಿಳಿಯಲ್ಲಿ ಅಚ್ಚು ಹಾಕುವುದು ಹೇಗೆ? ಆ ಬಣ್ಣದ ಕಾರ್ಡುಗಳಿಗೆ ಎರಡು ಸಾವಿರ ರೂಪಾಯಿಯಷ್ಟು ಹೋಯಿತು. ಕಪ್ಪು ಶಾಯಿಯಲ್ಲಿ ಸುಮಾರು 120 ಕಾರ್ಡು, ಲ್ಯಾಮಿನೇಷನ್ ಸೇರಿ ಒಂಬೈನೂರರ ಆಸುಪಾಸು. ತಿಂಗಳ ಮೇಲೆ ಕೇಳಿದರೂ ಹತ್ತರಲ್ಲಿ ಏಳೆಂಟು ಸರಿ ಬರುತ್ತವೆ. ಮೊದಲ ಆರು ಕಾರ್ಡು ಯಾವುವು, ಯಾವ ಸರದಿ ಅನ್ನುವುದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ.