ವಿದೇಶದ ಸೇನಾ ಕ್ಷಿಪ್ರಕ್ರಾಂತಿಗೆ ಜನರ ಪ್ರತಿಕ್ರಿಯೆಯನ್ನು ಓದುವುದು ಹೇಗೆ

ಮೊದಲು ಒಂದು ಹಾಳೆ ತೆಗೆದುಕೊಂಡು ಎರಡು ಕಾಲಂ ಗೆರೆ ಎಳೆಯಿರಿ. ಒಂದರಲ್ಲಿ ಆ ದೇಶದ ಗಂಟೆಯನ್ನೂ ಇನ್ನೊಂದರಲ್ಲಿ ನಮ್ಮ ಗಂಟೆಯನ್ನೂ ಬರೆದುಕೊಳ್ಳಿ. ಇದು ತೀರಾ ಸಣ್ಣ ಕೆಲಸ ಎನ್ನಿಸಬಹುದು, ಆದರೆ ಪ್ರತಿಕ್ರಿಯೆಗಳನ್ನು ತಪ್ಪಾಗಿ ಓದುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಯಾರು ಏನು ಹೇಳಿದರು ಎಂಬುದನ್ನು ಅವರು ಜೋಪಾನವಾಗಿ ಸಂಗ್ರಹಿಸುತ್ತಾರೆ, ಯಾವಾಗ ಹೇಳಿದರು ಎಂಬುದನ್ನು ಬಿಟ್ಟುಬಿಡುತ್ತಾರೆ. ಸೇನೆ ಗೆಲ್ಲುತ್ತದೋ ಸೋಲುತ್ತದೋ ತಿಳಿಯದ ಹೊತ್ತಿನಲ್ಲಿ ಆಡಿದ ಮಾತಿಗೆ ಇರುವ ತೂಕವು, ಬೆಳಗಾದ ಮೇಲೆ ಗೆದ್ದವರ ಪರವಾಗಿ ಆಡಿದ ಅದೇ ಮಾತಿಗೆ ಇರುವುದಿಲ್ಲ.

ಅಭ್ಯಾಸಕ್ಕೆ ಫಲಿತಾಂಶ ಗೊತ್ತಿರುವ ಪ್ರಕರಣವೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಟರ್ಕಿಯಲ್ಲಿ 2016ರ ಜುಲೈ 15ರ ಶುಕ್ರವಾರ ರಾತ್ರಿ ನಡೆದ ವಿಫಲ ಕ್ಷಿಪ್ರಕ್ರಾಂತಿಯಷ್ಟು ಇದಕ್ಕೆ ಒದಗುವ ಇನ್ನೊಂದು ಘಟನೆ ಈಚಿನ ವರ್ಷಗಳಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಆ ರಾತ್ರಿಯ ಗತಿ ತಾಸುತಾಸಿಗೂ ಬದಲಾಯಿತು. ಅಲ್ಲಿ ರಾತ್ರಿ ಸುಮಾರು ಹತ್ತು ಗಂಟೆಗೆ ಸೈನಿಕರು ಇಸ್ತಾಂಬುಲ್‌ನ ಬಾಸ್ಫೊರಸ್ ಸೇತುವೆಯನ್ನು ತಡೆದಾಗ ನಮ್ಮಲ್ಲಿ ಹನ್ನೆರಡೂವರೆಯಾಗಿತ್ತು, ಅಂದರೆ ಆಗಲೇ ಶನಿವಾರ ಹುಟ್ಟಿತ್ತು. ಅಲ್ಲಿನ ಹನ್ನೊಂದು ಗಂಟೆ ದಾಟಿದ ಮೇಲೆ ಪ್ರಧಾನಿ ಬಿನಾಲಿ ಯಿಲ್ಡಿರಿಮ್ ಅವರು ಸೇನೆಯ ಒಂದು ಗುಂಪು ಅಕ್ರಮಕ್ಕೆ ಕೈಹಾಕಿದೆ ಎಂದರು. ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಸರ್ಕಾರಿ ವಾಹಿನಿ ಟಿಆರ್‌ಟಿಯ ವಾರ್ತಾವಾಚಕಿಯ ಬಾಯಿಯಿಂದ ದಂಗೆಕೋರರು ತಮ್ಮ ಘೋಷಣೆಯನ್ನು ಓದಿಸಿದರು. ಹನ್ನೆರಡೂವರೆಯ ಆಸುಪಾಸಿನಲ್ಲಿ ಸಿಎನ್‌ಎನ್ ಟರ್ಕ್ ವಾಹಿನಿಯ ಹಾಂದೆ ಫಿರತ್ ತಮ್ಮ ಮೊಬೈಲನ್ನು ಕ್ಯಾಮೆರಾದ ಮುಂದೆ ಹಿಡಿದರು. ಅದರ ಅಂಗೈಯಗಲದ ಪರದೆಯಲ್ಲಿ, ಫೇಸ್‌ಟೈಮ್ ಕರೆಯಲ್ಲಿದ್ದ ಅಧ್ಯಕ್ಷ ಎರ್ಡೋಗನ್, ಚೌಕಗಳಿಗೂ ವಿಮಾನ ನಿಲ್ದಾಣಗಳಿಗೂ ಬನ್ನಿರೆಂದು ಜನರನ್ನು ಕೇಳಿಕೊಂಡರು. ನಸುಕಿನ ಮೂರು ಗಂಟೆ ಕಳೆದ ಮೇಲೆ ಅವರ ವಿಮಾನ ಇಸ್ತಾಂಬುಲ್‌ನಲ್ಲಿ ಇಳಿಯಿತು. ಬೆಳಗಿನ ಹೊತ್ತಿಗೆ ಸೇತುವೆಯ ಮೇಲಿದ್ದ ಸೈನಿಕರು ಕೈ ಮೇಲೆತ್ತಿ ಶರಣಾದರು.

ಈ ಗೆರೆಗಳು ಹಾಳೆಯ ಮೇಲೆ ಬಂದ ನಂತರವಷ್ಟೇ ಪ್ರತಿಕ್ರಿಯೆಗಳನ್ನು ಒಂದೊಂದಾಗಿ ಅವುಗಳ ಎದುರಿಗೆ ಬರೆಯಿರಿ. ಎರ್ಡೋಗನ್ ಅವರನ್ನು ಹಗಲಿರುಳು ಟೀಕಿಸುತ್ತಿದ್ದ ವಿರೋಧ ಪಕ್ಷಗಳು, ಕುರ್ದರ ಬೆಂಬಲವಿದ್ದ ಎಚ್‌ಡಿಪಿ ಸಹಿತವಾಗಿ, ದಂಗೆಯನ್ನು ಖಂಡಿಸಿದವು, ಮರುದಿನ ಸಂಸತ್ತಿನ ನಾಲ್ಕೂ ಪಕ್ಷಗಳು ಒಂದೇ ಜಂಟಿ ಹೇಳಿಕೆಗೆ ಸಹಿ ಹಾಕಿದವು. ಇದನ್ನು ಸರ್ಕಾರದ ಪರ ಎಂಬ ಖಾನೆಗೆ ತುಂಬಿದರೆ ತಪ್ಪಾಗುತ್ತದೆ. ದಂಗೆಯ ವಿರೋಧ ಮತ್ತು ಸರ್ಕಾರದ ಬೆಂಬಲ ಇವೆರಡಕ್ಕೂ ಬೇರೆ ಬೇರೆ ಖಾನೆ ಇರಲೇಬೇಕು. ವಿದೇಶಗಳ ಮಾತನ್ನೂ ಗಂಟೆಯ ಜೊತೆಗೇ ಓದಿ. ಅಂದು ಮಾಸ್ಕೋದಲ್ಲಿದ್ದ ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ ಮೊದಲಿಗೆ ಸ್ಥಿರತೆ, ಶಾಂತಿ ಮತ್ತು ಮುಂದುವರಿಕೆಯ ಆಶಯವನ್ನಷ್ಟೇ ವ್ಯಕ್ತಪಡಿಸಿದರು, ಚುನಾಯಿತ ಸರ್ಕಾರವನ್ನು ಎಲ್ಲರೂ ಬೆಂಬಲಿಸಬೇಕೆಂಬ ಸ್ಪಷ್ಟ ಮಾತು ಶ್ವೇತಭವನದಿಂದ ಬಂದದ್ದು ಆಮೇಲೆ. ಪ್ರಜಾಪ್ರಭುತ್ವವನ್ನೂ ಮತಪೆಟ್ಟಿಗೆಯ ತೀರ್ಪನ್ನೂ ಎಲ್ಲರೂ ಬೆಂಬಲಿಸಬೇಕು, ರಕ್ತಪಾತವನ್ನು ತಪ್ಪಿಸಬೇಕು ಎಂದು ಭಾರತ ಹೇಳಿತು. ಈ ವಾಕ್ಯದಲ್ಲಿ ಯಾವ ವ್ಯಕ್ತಿಯ ಹೆಸರೂ ಇಲ್ಲದಿರುವುದನ್ನು ಗಮನಿಸಿ.

ಇನ್ನು ಬೀದಿಯ ಜನ. ಇಲ್ಲಿ ನಿಧಾನಿಸಬೇಕು. ಟ್ಯಾಂಕಿನ ಮೇಲೆ ಹತ್ತಿ ನಿಂತವರ ಚಿತ್ರವನ್ನು ನೋಡಿ ‘ಟರ್ಕಿಯ ಜನ ಎದ್ದು ನಿಂತರು’ ಎಂದು ಬರೆಯುವ ಮೊದಲು, ಅವರನ್ನು ಕರೆದವರು ಯಾರು, ಯಾವ ಮಾರ್ಗದಿಂದ ಎಂದು ಕೇಳಿಕೊಳ್ಳಿ. ಅಧ್ಯಕ್ಷರ ಕರೆ ಬಂದದ್ದು ಮೊಬೈಲಿನಿಂದ, ಜೊತೆಗೆ ದೇಶದ ಮಸೀದಿಗಳ ಮಿನಾರುಗಳಿಂದ ಆ ರಾತ್ರಿ ‘ಸೆಲಾ’ ಮೊಳಗಿತು. ಸಾಮಾನ್ಯವಾಗಿ ಸಾವಿನ ಸುದ್ದಿಗೆ ಮತ್ತು ಶುಕ್ರವಾರದ ಪ್ರಾರ್ಥನೆಗೆ ಮುಂಚೆ ಕೇಳಿಸುವ ಆ ಪಠಣವು ಅಪರಾತ್ರಿಯಲ್ಲಿ ಕಿವಿಗೆ ಬಿದ್ದಾಗ, ಭಕ್ತನೊಬ್ಬನಿಗೆ ಅದು ಕರ್ತವ್ಯದ ಕರೆಯಾಗಿಯೂ ಅದೇ ಬೀದಿಯ ಇನ್ನೊಂದು ಮನೆಯವರಿಗೆ ಎದೆ ನಡುಗಿಸುವ ಸದ್ದಾಗಿಯೂ ಕೇಳಿಸಿರಬಹುದು. ಅದೇ ರಾತ್ರಿ ಎಟಿಎಂಗಳ ಮುಂದೆಯೂ ರೊಟ್ಟಿ ಅಂಗಡಿಗಳ ಮುಂದೆಯೂ ಸರದಿ ಸಾಲು ಬೆಳೆದಿತ್ತು. ಆ ಸಾಲು ಕೂಡ ಪ್ರತಿಕ್ರಿಯೆಯೇ. 1960, 1971 ಮತ್ತು 1980ರಲ್ಲಿ ಸೇನೆಯ ಹಸ್ತಕ್ಷೇಪವನ್ನು ಕಂಡ ದೇಶವದು. 1960ರಲ್ಲಿ ಪದಚ್ಯುತರಾದ ಪ್ರಧಾನಿ ಮೆಂಡೆರೆಸ್ ಅವರನ್ನು ಮರುವರ್ಷ ಗಲ್ಲಿಗೇರಿಸಲಾಯಿತು. ಇಷ್ಟನ್ನೆಲ್ಲ ಕಂಡ ಮನೆಯ ಹಿರಿಯರು ರೊಟ್ಟಿ ನೀರು ತಂದಿಟ್ಟುಕೊಂಡರೆ ಅದರಲ್ಲಿ ರಾಜಕೀಯ ಒಲವನ್ನು ಹುಡುಕಬಾರದು.

ಮನೆಯಲ್ಲಿಯೇ ಉಳಿದವರನ್ನು ದಂಗೆಗೆ ಸಮ್ಮತಿಸಿದವರೆಂದು ಬಗೆಯುವುದು ಇನ್ನೊಂದು ತಪ್ಪು. ಇದನ್ನು ತಿದ್ದಿಕೊಳ್ಳಲು ಸ್ಪೇನಿನ 1981ರ ಫೆಬ್ರುವರಿ 23 ನೆರವಿಗೆ ಬರುತ್ತದೆ. ಲೆಫ್ಟಿನೆಂಟ್ ಕರ್ನಲ್ ತೆಹೆರೋ ಬಂದೂಕುಧಾರಿಗಳೊಂದಿಗೆ ಸಂಸತ್ತಿಗೆ ನುಗ್ಗಿದ ಆ ರಾತ್ರಿ ಸ್ಪೇನಿನ ಬೀದಿಗಳು ಬಹುಪಾಲು ಖಾಲಿಯಿದ್ದವು. ಜನ ಟ್ರಾನ್ಸಿಸ್ಟರ್‌ಗೆ ಕಿವಿಯಾನಿಸಿ ಕುಳಿತಿದ್ದರು, ಮಧ್ಯರಾತ್ರಿ ದಾಟಿ ಒಂದು ಗಂಟೆಯ ಮೇಲೆ ದೊರೆ ಹುವಾನ್ ಕಾರ್ಲೋಸ್ ಟಿವಿಯಲ್ಲಿ ಸಂವಿಧಾನದ ಪರ ಮಾತನಾಡುವವರೆಗೂ ಕಾದರು. ನಾಲ್ಕು ದಿನಗಳ ನಂತರ, ಫೆಬ್ರುವರಿ 27ರಂದು, ಅದೇ ಜನ ಮ್ಯಾಡ್ರಿಡ್‌ನಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹೊರಬಂದರು. ಮೊದಲ ರಾತ್ರಿಯ ಮೌನವನ್ನಷ್ಟೇ ನೋಡಿ ತೀರ್ಪು ಬರೆದಿದ್ದರೆ ಆ ತೀರ್ಪಿನ ಗತಿ ಏನಾಗುತ್ತಿತ್ತು?

ವದಂತಿಗಳಿಗೆ ಹಾಳೆಯ ಹಿಂಬದಿಯನ್ನು ಮೀಸಲಿಡಿ. ಎರ್ಡೋಗನ್ ಜರ್ಮನಿಯಲ್ಲಿ ಆಶ್ರಯ ಕೋರಿದ್ದಾರೆ ಎಂಬ ಸುಳ್ಳು ಆ ರಾತ್ರಿ ಲೋಕವನ್ನೆಲ್ಲ ಸುತ್ತಿ ಬಂತು. ಈಜಿಪ್ಟಿನ ಹೆಸರಾಂತ ಪತ್ರಿಕೆ ಅಲ್ ಅಹ್ರಾಮ್, ಟರ್ಕಿಯ ಸೇನೆ ಎರ್ಡೋಗನ್ ಅವರನ್ನು ಉರುಳಿಸಿದೆ ಎಂದು ಮುಖಪುಟದಲ್ಲಿಯೇ ಅಚ್ಚು ಹಾಕಿತು. ಸುದ್ದಿಯಾಗಿ ಇದು ಕಸ. ಆದರೆ ಪ್ರತಿಕ್ರಿಯೆಯಾಗಿ ನೋಡಿದರೆ ಬಹಳ ಬೆಲೆಯುಳ್ಳದ್ದು: 2013ರಲ್ಲಿ ಈಜಿಪ್ಟಿನ ಸೇನೆ ಪದಚ್ಯುತಗೊಳಿಸಿದ ಅಲ್ಲಿನ ಅಧ್ಯಕ್ಷ ಮೊರ್ಸಿ ಅವರ ಪರ ಎರ್ಡೋಗನ್ ಗಟ್ಟಿಯಾಗಿ ನಿಂತಿದ್ದರಿಂದ, ಕೈರೋದ ಆ ಅವಸರದಲ್ಲಿ ಟರ್ಕಿಗಿಂತ ಈಜಿಪ್ಟಿನ ಮನಸ್ಸೇ ಹೆಚ್ಚು ಕಾಣುತ್ತದೆ. ಇಡೀ ದಂಗೆಯೇ ಸರ್ಕಾರ ಹೂಡಿದ ನಾಟಕ ಎಂಬ ಮಾತನ್ನೂ ಇಲ್ಲಿಯೇ ಬರೆದಿಡಿ, ಅದನ್ನು ಸತ್ಯವೆಂದು ಮುಂಬದಿಗೆ ಹೊರಳಿಸಬೇಡಿ.

ನಿಮ್ಮ ಬಂಧುವೋ ಸ್ನೇಹಿತರೋ ಆ ಊರಿನಲ್ಲಿದ್ದರೆ ‘ಅಲ್ಲಿನ ಜನ ಏನು ಹೇಳುತ್ತಿದ್ದಾರೆ’ ಎಂದು ಕೇಳುವ ಬದಲು, ‘ನಿಮ್ಮ ಕಿಟಕಿಯಿಂದ ಏನು ಕಾಣುತ್ತಿದೆ’ ಎಂದು ಕೇಳಿ. ಒಂದು ಬೀದಿಯ ಸಾಕ್ಷ್ಯವನ್ನು ಒಂದು ಬೀದಿಯದ್ದಾಗಿಯೇ ಬರೆದುಕೊಳ್ಳಿ. 2016ರಲ್ಲಿ ಭಾರತದ ಶಾಲಾ ಕ್ರೀಡಾಪಟುಗಳು ಕಪ್ಪು ಸಮುದ್ರದ ದಡದ ಟ್ರಾಬ್ಜಾನ್‌ನಲ್ಲಿ ವಿಶ್ವ ಶಾಲಾ ಕ್ರೀಡಾಕೂಟಕ್ಕೆ ಹೋಗಿದ್ದರು. ಆ ಮಕ್ಕಳ ಮನೆಗಳಲ್ಲಿ ಎದ್ದ ಪ್ರಶ್ನೆಗೂ ಟರ್ಕಿಯ ಪ್ರಜಾಪ್ರಭುತ್ವಕ್ಕೂ ಹೆಚ್ಚಿನ ಸಂಬಂಧವಿಲ್ಲ, ಆದರೂ ನಮ್ಮಲ್ಲಿಯ ಪ್ರತಿಕ್ರಿಯೆಯೆಂದು ಲೆಕ್ಕಕ್ಕೆ ಬರುವುದರಲ್ಲಿ ಅತ್ಯಂತ ನಿಜವಾದದ್ದು ಬಹುಶಃ ಅದೇ.

ಹಾಳೆಯನ್ನು ಮರುದಿನವೇ ಮಡಚಿಡಬೇಡಿ. ದಂಗೆಕೋರರನ್ನು ಬಿಟ್ಟು 250 ರಷ್ಟು ಜನ ಸತ್ತಿದ್ದರು, ಸಂಸತ್ ಭವನದ ಮೇಲೆ ಬಾಂಬು ಬಿದ್ದಿತ್ತು. ಆ ಆಕ್ರೋಶ ಕೃತಕವಾಗಿರಲಿಲ್ಲ. ಆದರೆ ಜುಲೈ 20ರಂದು ತುರ್ತು ಪರಿಸ್ಥಿತಿ ಘೋಷಣೆಯಾಗಿ ಎರಡು ವರ್ಷ ನಡೆಯಿತು, ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರು ಕೆಲಸ ಕಳೆದುಕೊಂಡರು. ಆದ್ದರಿಂದ ಆ ದಿನಾಂಕದ ಕೆಳಗೆ ಒಂದು ದಪ್ಪ ಗೆರೆ ಎಳೆದು, ಅದರ ನಂತರದ ಪ್ರತಿಯೊಂದು ಮಾತಿನ ಪಕ್ಕದಲ್ಲಿಯೂ, ಹೀಗೆ ಹೇಳದಿದ್ದರೆ ಹೇಳಿದವರಿಗೆ ಏನಾಗಬಹುದಿತ್ತು ಎಂಬುದನ್ನು ಬರೆಯಿರಿ. ಆಗಸ್ಟ್ 7ರಂದು ಇಸ್ತಾಂಬುಲ್‌ನ ಯೆನಿಕಾಪಿಯಲ್ಲಿ ನಡೆದ ಬೃಹತ್ ಸಭೆಯಲ್ಲಿ ಕೆಂಪು ಬಾವುಟಗಳು ಸಮುದ್ರದಂತೆ ಕಂಡವು. ಅದೇ ಸಭೆಗೆ, ದಂಗೆಯನ್ನು ಖಂಡಿಸಿದ್ದ ಎಚ್‌ಡಿಪಿಗೆ ಆಹ್ವಾನ ಇರಲಿಲ್ಲ.

ಕೆಳಗೆ ನಾಲ್ಕಾರು ಸಾಲುಗಳನ್ನು ಖಾಲಿ ಬಿಡಿ. ಆ ರಾತ್ರಿ ತಮ್ಮನ್ನು ಕವಾಯತಿಗೆಂದು ಕರೆತಂದರೆಂದೇ ನಂಬಿದ್ದಾಗಿ ಹೇಳಿದ ಎಳೆಯ ಸೈನಿಕರಿದ್ದರು, ಸೈನಿಕ ವಿದ್ಯಾರ್ಥಿಗಳಿದ್ದರು. ಸೇತುವೆಯ ಮೇಲೆ ಕೆಲವರಿಗೆ ಬೆಲ್ಟಿನ ಏಟೂ ಬಿತ್ತು, ನಂತರ ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಆ ವಿದ್ಯಾರ್ಥಿಗಳ ತಾಯಂದಿರು ಮಕ್ಕಳಿಗೆ ನ್ಯಾಯ ಬೇಕೆಂದು ಬೀದಿಗೆ ಬಂದದ್ದು ಮೂರು ವರ್ಷಗಳ ಮೇಲೆ, ಪೊಲೀಸರು ಅವರನ್ನು ತಡೆದರು. ಸೇತುವೆಗೆ ಅಷ್ಟರಲ್ಲಾಗಲೇ ಜುಲೈ 15ರ ಹುತಾತ್ಮರ ಹೆಸರಿಟ್ಟಾಗಿತ್ತು.