ಕಸೂತಿಯ ಹೂವನ್ನು ಅರ್ಧಕ್ಕೇ ಬಿಟ್ಟು ಏಳಿ

ರಜೆಯಲ್ಲಿ ಶುರುಮಾಡಿ ಮೂಲೆಗಿಟ್ಟ ಕಸೂತಿ ಮುಂದೆ ಹೋಗಬೇಕಾದರೆ ಒಂದು ಕೆಲಸ ಮಾಡಿ ಮಾರಾಯ್ರೇ: ಹೂವು ಮುಗಿಸಿ ಏಳಬೇಡಿ, ಮೂರನೇ ಎಸಳಿನ ನಡುವೆ, ಸೂಜಿಯಲ್ಲಿ ನೂಲು ಇರುವಾಗಲೇ ಏಳಿ. ಕತೆ ಬರೆಯುವವರು ವಾಕ್ಯವನ್ನೇ ಅರ್ಧಕ್ಕೆ ನಿಲ್ಲಿಸಿ. ಮಂಗಳೂರಿನಿಂದ ಸಂಜೆ ರೈಲಿನಲ್ಲಿ ನಿಂತುಕೊಂಡೇ ಬಂದು ಕಾಸರಗೋಡಿನಲ್ಲಿ ಇಳಿದವರಿಗೆ ಹೊಲಿಯುವುದು ಕಷ್ಟವಲ್ಲ, ಎಲ್ಲಿಂದ ಶುರುಮಾಡುವುದು ಎಂಬ ಯೋಚನೆಯೇ ಭಾರ. ಆ ಯೋಚನೆ ನಿನ್ನೆಯೇ ಮುಗಿದಿದ್ದರೆ ಹತ್ತು ನಿಮಿಷ ಸಿಕ್ಕಿದರೂ ಕೈ ಓಡುತ್ತದೆ. ಜಲವರ್ಣಕ್ಕೆ ಮಾತ್ರ ಇದು ಆಗದು: ಆಕಾಶಕ್ಕೆ ಬಳಿಯುವ ಬಣ್ಣವನ್ನು ನಡುವೆ ನಿಲ್ಲಿಸಿದರೆ ಒಣಗಿದ ಅಂಚು ಗೆರೆಯಾಗಿ ಉಳಿಯುತ್ತದೆ. ಮತ್ತೆ, ಮಳೆಗಾಲದಲ್ಲಿ ಸೂಜಿಯನ್ನು ಹೂವಿನ ಹತ್ತಿರ ಚುಚ್ಚಿಡಬೇಡಿ, ಕೊನೆಗೆ ಕತ್ತರಿಸಿ ತೆಗೆಯುವ ಬಟ್ಟೆಯ ಅಂಚಿಗೆ ಚುಚ್ಚಿ. ನಮ್ಮೂರ ತೇವಕ್ಕೆ ತುಕ್ಕಿನ ಕಲೆ ಗ್ಯಾರಂಟಿ.